ಭುಜದ ಮೇಲಿನ ರೇಷ್ಮೆ

ಕಾರ್ಯಾಗಾರದಲ್ಲಿ ಅಂಟು ಕಾಯಿಸುವ ಕೆಲಸದ ಅಂಟಣ್ಣ ಬಿಸಿನೀರಲ್ಲಿ ಬಟ್ಟೆ ಅದ್ದಿ, ತೀರಿಕೊಂಡ ಯಜಮಾನರ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಜೀವಮಾನವಿಡೀ ವಯೊಲಿನ್ ಜೋಡಿಸಿದ ಕೈ. ಆ ಬೆರಳುಗಳಿಗೆ ಮೆತ್ತಿದ್ದ ಅಂಟಿನಲ್ಲಿ ಒಂದು ಹಡಗನ್ನೇ ಕಟ್ಟಿ ತೇಲಿಬಿಡಬಹುದಿತ್ತು.

"ಬಿಡ್ತಾ ಇಲ್ವಾ?" ಮಗಳು ಕೇಳಿದಳು.

"ಚರ್ಮದಂಟು ಅಲ್ವೇನಮ್ಮಾ, ಬಿಸಿನೀರು ತಾಗಿದ್ರೆ ಬಿಡತ್ತೆ. ನಿಮ್ಮಪ್ಪನೇ ಬಿಡಲ್ಲ ಅಂತಿದಾರೆ."

ಗಾಡಿ ಬರುವವರೆಗೆ ಯಜಮಾನರನ್ನು ಅವರ ಕೆಲಸದ ಮೇಜಿನ ಮೇಲೆಯೇ ಮಲಗಿಸಿದ್ದರು. ಗೋಡೆಯುದ್ದಕ್ಕೂ ಮಕ್ಕಳ ವಯೊಲಿನ್‌ಗಳು ತೂಗುತ್ತಿದ್ದವು. ಎಲ್ಲಕ್ಕೂ ಕತ್ತಿನ ಪಕ್ಕದ ಬಲಭುಜ ಇಳಿಜಾರು. ಮೇಲಿನ ಸ್ವರಗಳಿಗೆ ಪುಟ್ಟ ಕೈ ಎಟುಕಲೆಂದು ಯಜಮಾನರೇ ಕಂಡುಹಿಡಿದ ಇಳಿಜಾರು ಅದು. ಅದು ಸರಿಹೋಗುವಷ್ಟರಲ್ಲಿ ಹಾಳಾದ ಮರದಲ್ಲಿ ಇಡೀ ಬೀದಿ ಒಂದು ಚಳಿಗಾಲ ಮೈ ಕಾಯಿಸಿಕೊಂಡಿತ್ತು. ಆಮೇಲೆ ಆ ಊರಿನಲ್ಲಿ ವಯೊಲಿನ್ ಕಲಿಯುವ ಮಗು ಅತ್ತಿದ್ದೇ ಇಲ್ಲ. ಅತ್ತವರೆಲ್ಲ ಪಕ್ಕದ ಮನೆಯವರು.

ಮಗಳು ಕಛೇರಿ ಕೊಡುವ ಸಭಾಂಗಣದ ಕಾರ್ಯದರ್ಶಿ ಒಳಗೆ ಬಂದು ಅವಳ ಪಕ್ಕ ನಿಂತರು. "ನಿಮ್ಮ ಇನ್ನೂರು ವರ್ಷದ ವಯೊಲಿನ್ ತಂದಿದೀರಿ ತಾನೇ? ಎರಡು ನಿಮಿಷ ನುಡಿಸಿ. ಪಾಪ, ನಿಮ್ಮ ತಂದೆ ಕೊನೇವರೆಗೂ ಮಕ್ಕಳ ಡಬ್ಬಾನೇ ಮಾಡಿದ್ರು. ನಿಮ್ಮಂಥವರ ಕೈಗೆ ಕೊಡೋ ಥರದ್ದು ಒಂದಾದ್ರೂ ಮಾಡ್ಬೇಕಿತ್ತು."

ಅಂಟಣ್ಣನ ಕೈ ನಿಂತಿತು. ಅವನು ತಲೆ ಎತ್ತಲಿಲ್ಲ.

"ಹೂಂ," ಎಂದಳು ಮಗಳು.

*

ವರ್ಷಗಳ ಹಿಂದೆ, ಅವಳ ಮೊದಲ ದೊಡ್ಡ ಕಛೇರಿಗೆ ಒಂದು ವಾರವಿತ್ತು.

"ಅಪ್ಪಾ, ನೀನು ಮಾಡಿದ ಈ ವಯೊಲಿನ್ನ ಹಳೇದರ ಥರ ಮಾಡ್ಕೊಡು. ಶಾಲೆ ವಯೊಲಿನ್ ಮಾಡೋರದ್ದು ಅಂತ ಗೊತ್ತಾದ್ರೆ ನಗ್ತಾರೆ."

ಅಪ್ಪ ನಕ್ಕರು. ಹೊಗೆಮಸಿ, ಚಹಾದ ಡಿಕಾಕ್ಷನ್, ಬೀಗದಕೈ ಗೊಂಚಲಿನ ಗೀರು. ಕಾಲ ಇನ್ನೂರು ವರ್ಷ ಒದ್ದಾಡಿ ಮಾಡುವ ಕೆಲಸವನ್ನು ಅವರು ಆರೇ ದಿನದಲ್ಲಿ ಮುಗಿಸಿದರು.

"ಭುಜ ಏನ್ಮಾಡ್ತೀಯಾ? ಇಳಿಜಾರಿಲ್ದೇ ನನ್ನ ಕೈ ಎಟುಕಲ್ಲ. ಇದ್ರೆ ನಿನ್ನ ಕೆಲಸ ಅಂತ ಯಾರಿಗಾದ್ರೂ ಗೊತ್ತಾಗತ್ತೆ."

ಅವರು ಒಂದು ರೇಷ್ಮೆ ತುಂಡನ್ನು ಭುಜದ ಮೇಲೆ ಹೊದಿಸಿ, ವಯೊಲಿನ್ ಕತ್ತಿನ ಹಿಂದೆ ಗಂಟು ಹಾಕಿ, ಗಂಟಿಗೊಂದು ತೊಟ್ಟು ಅಂಟು ಬಿಟ್ಟರು. "ಬಿಸಿನೀರು ತಾಗೋವರೆಗೂ ಬಿಚ್ಚಲ್ಲ. ಬೇಡ ಅನ್ನಿಸಿದ ದಿನ ಬಿಚ್ಕೋ."

ಬೇಡ ಅನ್ನಿಸಲಿಲ್ಲ. ಆ ರೇಷ್ಮೆ ಎಷ್ಟು ಹೆಸರುವಾಸಿಯಾಯಿತೆಂದರೆ, ಊರಿನ ಅರ್ಧ ವಾದಕರು ತಮ್ಮ ವಯೊಲಿನ್‌ಗೂ ರೇಷ್ಮೆ ಸುತ್ತಿಕೊಂಡರು. ಅಪ್ಪ ಪ್ರತಿ ಕಛೇರಿಗೂ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಯಾರೆಂದು ಯಾರಾದರೂ ಕೇಳಿದರೆ, "ರಿಪೇರಿಯವನು," ಎನ್ನುತ್ತಿದ್ದರು. ಅವಳು ಒಮ್ಮೆ ಅದನ್ನು ಕೇಳಿಸಿಕೊಂಡಿದ್ದಳು. ಕೇಳಿಸದವಳಂತೆ ಮುಂದೆ ಹೋಗಿದ್ದಳು.

*

ಶಾಲೆಯ ಮಕ್ಕಳು ಸಾಲಾಗಿ ನಿಂತು ನುಡಿಸಿದರು. ಆ ಅಪಸ್ವರಕ್ಕೆ ಯಜಮಾನರು ಎದ್ದು ಕೂತು ತಂತಿ ಬಿಗಿಮಾಡದೇ ಉಳಿದದ್ದೇ ಹೆಚ್ಚು.

"ಈಗ ಇನ್ನೂರು ವರ್ಷ ಹಳೆಯ, ಸಮುದ್ರದಾಚೆಯ ವಯೊಲಿನ್ನಿನಲ್ಲಿ..." ಕಾರ್ಯದರ್ಶಿ ಶುರುಮಾಡಿದರು.

ಮಗಳು ಕಮಾನು ಎತ್ತಿದಳು. ತಂತಿಯ ಮೇಲೆ ಇಳಿಸಲಾಗಲಿಲ್ಲ. ಕಮಾನು ಕೆಳಗಿಟ್ಟು, ವಯೊಲಿನ್ ಹಿಡಿದು ಮೇಜಿನ ಬಳಿ ಹೋದಳು.

"ಅಂಟಣ್ಣಾ, ನೀರು ಇನ್ನೂ ಬಿಸಿ ಇದೆಯಾ?"

"ಉಗುರುಬೆಚ್ಚಗಿದೆ."

"ಸಾಕಾಗತ್ತಾ?"

ಅವನು ಗಂಟನ್ನೂ ಅವಳನ್ನೂ ನೋಡಿದ. "ತಡ ಆಗತ್ತೆ. ಬಿಡತ್ತೆ."

ಅವಳು ಒದ್ದೆ ಬಟ್ಟೆಯನ್ನು ಗಂಟಿಗೆ ಒತ್ತಿ ಹಿಡಿದು ನಿಂತಳು. ಕೋಣೆ ತುಂಬ ಜನ. ಅವಳ ಕಿವಿ ಕೆಂಪಾಯಿತು.

"ಏನಾದ್ರೂ ತೊಂದರೆನಾ?" ಕಾರ್ಯದರ್ಶಿ ಕೇಳಿದರು.

ಗಂಟು ಸಡಿಲಿತು. ರೇಷ್ಮೆ ಜಾರಿ ಅಪ್ಪನ ಕೈ ಪಕ್ಕ ಬಿತ್ತು. ಅದರಡಿಯ ಅಂಗೈಯಗಲ ಜಾಗಕ್ಕೆ ಅಪ್ಪ ಮಸಿ ಬಳಿದೇ ಇರಲಿಲ್ಲ. ಹೊಸ ಮರ, ಜೇನಿನ ಬಣ್ಣ, ಇಳಿಜಾರು; ಎದುರಿನ ಮಕ್ಕಳ ಗದ್ದದಡಿ ಸಾಲಾಗಿ ಇದ್ದಂಥದ್ದೇ.

ಕಾರ್ಯದರ್ಶಿ ಒಮ್ಮೆ ಮಕ್ಕಳ ವಯೊಲಿನ್‌ಗಳನ್ನು ನೋಡಿದರು, ಒಮ್ಮೆ ಅವಳದನ್ನು.

ಅವಳ ಬೆರಳುಗಳಿಗೆ ಅಂಟು ಮೆತ್ತಿತ್ತು. ಅಂಟಣ್ಣ ಬಟ್ಟೆ ಚಾಚಿದ. ಅವಳು ಒರೆಸಿಕೊಳ್ಳದೆ, ಅದೇ ಕೈಯಲ್ಲಿ ಕಮಾನು ತೆಗೆದುಕೊಂಡಳು.