ಕೊಕ್ಕರೆಯ ಬಲ ಮಂಡಿ

ಒಂಬತ್ತು ದಿನಗಳಲ್ಲಿ ಅದು ಆರನೆಯ ಕ್ರೀಡಾಂಗಣ. ದೊಡ್ಡಮ್ಮ ಮೂರನೆಯ ಸಾಲಿನ ಬೆಂಚಿನ ತುದಿಯಲ್ಲಿ ಕೂತು, ಬ್ಯಾಗಿನಿಂದ ಸಣ್ಣ ದಿಂಬೊಂದನ್ನು ತೆಗೆದು ಸೊಂಟದ ಹಿಂದೆ ಒತ್ತಿಟ್ಟುಕೊಂಡಳು. ಎಲ್ಲ ಕ್ರೀಡಾಂಗಣಗಳಿಗೂ ಒಂದೇ ವಾಸನೆ: ಮೆರುಗೆಣ್ಣೆ, ಬೆವರು, ರಬ್ಬರು. ಕಣ್ಣು ಕಟ್ಟಿ ಬಿಟ್ಟರೆ ತಾನು ಯಾವ ಊರಿನಲ್ಲಿದ್ದೇನೆಂದು ಆಕೆಗೆ ಹೇಳಲಾಗುತ್ತಿರಲಿಲ್ಲ. ಕಣ್ಣು ಬಿಟ್ಟರೂ ಅಷ್ಟೇ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದ್ದಳು.

ಗಂಡನ ಕಡೆಯಲ್ಲಾಗಲಿ ತನ್ನ ಕಡೆಯಲ್ಲಾಗಲಿ ಆಕೆಯನ್ನು ದೊಡ್ಡಮ್ಮ ಎನ್ನುವ ಮಕ್ಕಳು ಯಾರೂ ಇರಲಿಲ್ಲ. ಆದರೆ ಕ್ಲಬ್ಬಿನಲ್ಲಿ ಮ್ಯಾನೇಜರ್‌ನಿಂದ ಹಿಡಿದು ಆಟಗಾರರ ಬಟ್ಟೆ ಒಗೆಯುವವನವರೆಗೆ ಎಲ್ಲರ ಬಾಯಲ್ಲೂ ಆಕೆ ದೊಡ್ಡಮ್ಮನೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಕೆ ಸ್ಕೌಟ್. ಊರೂರು ತಿರುಗಿ, ಬ್ಯಾಸ್ಕೆಟ್‌ಬಾಲ್ ಆಡುವ ಹೊಸಬರನ್ನು ನೋಡಿ, ಯಾರು ಬೇಕು, ಯಾರು ಬೇಡ ಎಂದು ಬರೆದುಕೊಡುವ ಕೆಲಸ. ವರ್ಷಕ್ಕೊಮ್ಮೆ ಹನ್ನೆರಡು ಕ್ಲಬ್ಬುಗಳೂ ಒಂದೆಡೆ ಸೇರಿ, ಕಾಲೇಜು ತಂಡಗಳಿಂದ ಹೊರಬೀಳುವ ಆಟಗಾರರನ್ನು ಸರದಿಯಂತೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತಿದ್ದವು. ಅದಕ್ಕೆ ಡ್ರಾಫ್ಟ್ ಎನ್ನುತ್ತಿದ್ದರು. ಈ ಸಲ ದೊಡ್ಡಮ್ಮನ ಕ್ಲಬ್ಬಿಗೆ ಐದನೆಯ ಸರದಿ. ಬೇಕಾಗಿದ್ದದ್ದು ಒಬ್ಬ ಸ್ಮಾಲ್ ಫಾರ್ವರ್ಡ್.

ಹೆಸರಿಗಷ್ಟೇ ಸ್ಮಾಲ್. ಆರೂವರೆ ಅಡಿಗಿಂತ ಗಿಡ್ಡಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಬುಟ್ಟಿಯ ಕೆಳಗೆ ಬಂಡೆಯಂತೆ ನಿಲ್ಲುವ ಭಾರಿ ಆಳುಗಳಿಗೂ, ಚೆಂಡು ಪುಟಿಸುತ್ತ ಆಟ ನಡೆಸುವ ಚುರುಕಿನವರಿಗೂ ನಡುವಿನ ಜಾಗ ಅದು. ಮನೆಯ ನಡುವಿನ ಮಗನ ಹಾಗೆ: ಹಿರಿಯನ ಮರ್ಯಾದೆಯೂ ಇಲ್ಲ, ಕಿರಿಯನ ಮುದ್ದೂ ಇಲ್ಲ, ಕೆಲಸಕ್ಕೆ ಮಾತ್ರ ಎಲ್ಲರೂ ಅವನನ್ನೇ ಕೂಗುತ್ತಾರೆ. ದೂರದಿಂದ ಎಸೆಯಬೇಕು, ನುಗ್ಗಬೇಕು, ತನಗಿಂತ ಎತ್ತರದವನನ್ನೂ ತನಗಿಂತ ವೇಗದವನನ್ನೂ ತಡೆಯಬೇಕು.

ಪಟ್ಟಿಯಲ್ಲಿ ಕೊನೆಗೆ ಉಳಿದವರು ಮೂವರು. ದೊಡ್ಡಮ್ಮನಿಗೆ ಹೆಸರುಗಳು ಈಚೆಗೆ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತಿದ್ದವು. ಅದಕ್ಕೇ ಅಡ್ಡಹೆಸರು ಇಟ್ಟುಕೊಂಡಿದ್ದಳು, ಕ್ಲಬ್ಬಿನಲ್ಲೂ ಅವೇ ಓಡಾಡುತ್ತಿದ್ದವು. ಒಬ್ಬ ಗಡಿಯಾರ: ತಪ್ಪು ಮಾಡುವವನಲ್ಲ, ಬೆರಗು ಹುಟ್ಟಿಸುವವನೂ ಅಲ್ಲ, ಪ್ರತಿ ಪಂದ್ಯದಲ್ಲೂ ಹದಿನಾಲ್ಕು ಅಂಕ. ಇನ್ನೊಬ್ಬ ಮದುಮಗ: ಆಟ ಚೆನ್ನಾಗಿಯೇ ಇತ್ತು, ಆದರೆ ಪ್ರತಿ ಬುಟ್ಟಿಗೂ ಒಮ್ಮೆ ತಲೆಗೂದಲು ನೇವರಿಸಿಕೊಂಡು ಜನರತ್ತ ನೋಡುತ್ತಿದ್ದ. ಮೂರನೆಯವನು ಕೊಕ್ಕರೆ. ಉದ್ದ ಕಾಲು, ಅದಕ್ಕಿಂತ ಉದ್ದ ಕೈ. ಚೆಂಡು ಎಲ್ಲಿಗೆ ಬರುತ್ತದೆಂದು ಚೆಂಡಿಗಿಂತ ಮೊದಲೇ ಗೊತ್ತಿರುವವನ ಹಾಗೆ ಸುಮ್ಮನೆ ಹೋಗಿ ಅಲ್ಲಿ ನಿಲ್ಲುತ್ತಿದ್ದ. ಅಂಥ ನಾಲ್ಕೇ ಮಂದಿಯನ್ನು ದೊಡ್ಡಮ್ಮ ಇಪ್ಪತ್ತೆರಡು ವರ್ಷಗಳಲ್ಲಿ ನೋಡಿದ್ದಳು.

ಆ ದಿನ ನೋಡಲು ಬಂದದ್ದು ಕೊಕ್ಕರೆಯನ್ನೇ. ಎರಡು ಗಂಟೆಯ ಅಭ್ಯಾಸದಲ್ಲಿ ಅವನು ಯಾವ ಕೊರತೆಯನ್ನೂ ತೋರಿಸಲಿಲ್ಲ. ಆಕೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಒಂದು ಎಂದು ಬರೆದು, ಅದರ ಸುತ್ತ ದುಂಡಗೆ ಗೆರೆ ಎಳೆದಳು. ಕೆಲಸ ಮುಗಿಯಿತು, ನಾಳೆಯ ರೈಲು ಹಿಡಿದರಾಯಿತು ಎನ್ನಿಸಿ ಹಾಯೆನಿಸಿತು.

ಬಟ್ಟೆ ಬದಲಿಸುವ ಕೋಣೆಗಳು ನೆಲಮಾಳಿಗೆಯಲ್ಲಿದ್ದವು. ಉಳಿದವರೆಲ್ಲ ದಡದಡ ಇಳಿದುಹೋದ ಮೇಲೆ ಕೊಕ್ಕರೆ ಬೂಟಿನ ದಾರ ಬಿಚ್ಚುವ ನೆವದಲ್ಲಿ ಹಿಂದೆ ಉಳಿದ. ಯಾರೂ ಇಲ್ಲವೆಂದುಕೊಂಡು ಕಂಬಿ ಹಿಡಿದ. ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟ, ಎಡಗಾಲನ್ನು ಅದರ ಪಕ್ಕಕ್ಕೆ ತಂದ. ಮತ್ತೆ ಬಲಗಾಲು, ಮತ್ತೆ ಪಕ್ಕಕ್ಕೆ ಎಡಗಾಲು. ಹನ್ನೆರಡು ಮೆಟ್ಟಿಲನ್ನೂ ಹಾಗೆಯೇ ಇಳಿದ.

ಮೇಲೆ ನಿಂತಿದ್ದ ದೊಡ್ಡಮ್ಮನ ಕೈ ತಾನಾಗಿಯೇ ತನ್ನ ಬಲ ಮಂಡಿಯ ಮೇಲೆ ಹೋಯಿತು. ಮೂವತ್ತು ವರ್ಷದಿಂದ ಆಕೆ ಮೆಟ್ಟಿಲಿಳಿಯುತ್ತಿದ್ದದ್ದು ಹೀಗೆಯೇ. ಆಕೆಯೂ ಆಡಿದವಳು. ಇಪ್ಪತ್ತೈದರ ವಯಸ್ಸಿನಲ್ಲಿ ಮಂಡಿಯ ನೋವನ್ನು ಎಲ್ಲರಿಂದ ಮುಚ್ಚಿಟ್ಟು ಪಂದ್ಯಗಳ ಒಂದು ಇಡೀ ಋತು ಆಡಿದ್ದಳು. ಆಗಿನ ಕೋಚ್ ಕಂಡರೂ ಕಾಣದಂತಿದ್ದ. ಅದನ್ನು ಆಕೆ ಆಗ ಉಪಕಾರವೆಂದೇ ತಿಳಿದಿದ್ದಳು.

ಕೊಕ್ಕರೆಯ ಕೋಚನ್ನು ಕೇಳಿದರೆ, ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, "ಏನೂ ಇಲ್ಲ ಮೇಡಂ. ಸ್ವಲ್ಪ ಸುಸ್ತು. ಹುಡುಗ್ರು ಅಂದ್ಮೇಲೆ ಅಲ್ಲಿ ಇಲ್ಲಿ ಹಿಡ್ಕೊಳ್ಳುತ್ತೆ" ಎಂದ.

"ಎಷ್ಟು ದಿನದಿಂದ ಹಿಡ್ಕೊಂಡಿದೆ?"

"ಏನೂ ಇಲ್ಲ ಅಂದೆನಲ್ಲ."

ಹೋಟೆಲಿನ ಕೋಣೆಯಲ್ಲಿ, ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದುಕೊಂಡು, ದೊಡ್ಡಮ್ಮ ಒಂಬತ್ತು ಪಂದ್ಯಗಳ ವಿಡಿಯೊ ನೋಡಿದಳು. ಮೊದಲ ಐದರಲ್ಲಿ ಅವನು ಹಾರಿ ಎರಡೂ ಕಾಲ ಮೇಲೆ ಇಳಿಯುತ್ತಿದ್ದ. ಆರನೆಯದರಿಂದ ಎಡಗಾಲಿನ ಮೇಲೆ ಮಾತ್ರ. ಅದನ್ನೂ ಎಷ್ಟು ನಾಜೂಕಾಗಿ ಮಾಡುತ್ತಿದ್ದನೆಂದರೆ, ಹುಡುಕುವವರಿಗಲ್ಲದೆ ಬೇರೆಯವರಿಗೆ ಕಾಣುವಂತಿರಲಿಲ್ಲ. ಆಕೆ ಲ್ಯಾಪ್‌ಟಾಪ್ ಮುಚ್ಚಿ ಕಣ್ಣುಜ್ಜಿಕೊಂಡಳು. ಕಾಣದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಆರಿಸುವ ಮುನ್ನ ಆಟಗಾರನ ಮನೆಯವರನ್ನು ಒಮ್ಮೆ ಕಂಡು ಬರುವುದು ಸ್ಕೌಟ್‌ಗಳ ರೂಢಿ. ಕೊಕ್ಕರೆಗೆ ಇದ್ದದ್ದು ಒಬ್ಬಳೇ ಅಕ್ಕ. ಅವನಿಗೆ ಒಂಬತ್ತಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗ ಇಪ್ಪತ್ತೆರಡರ ಆ ಅಕ್ಕನೇ ಅವನನ್ನು ಸಾಕಿದವಳು. ನಗರದ ಬಸ್ ಓಡಿಸುತ್ತಿದ್ದಳು. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ. ದೊಡ್ಡಮ್ಮ ಪ್ರತಿ ಮಹಡಿಯಲ್ಲೂ ನಿಂತು ಸುಧಾರಿಸಿಕೊಂಡು ಹತ್ತಿದಳು.

ಚೊಕ್ಕಟವಾದ ಎರಡು ಕೋಣೆ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನ ಗೆರೆಗಳು, ಅವನು ಬೆಳೆದ ಎತ್ತರದ ಗುರುತು. ಚೌಕಟ್ಟು ಮುಗಿದ ಮೇಲೆ ಗೋಡೆಯ ಮೇಲೂ ಎರಡು. ಕೊಕ್ಕರೆ ಮಂಚದ ಮೇಲೆ ಮೊಣಕಾಲು ಮಡಿಸದೆ ಕೂತಿದ್ದ. ಕೇಳಿದ್ದಕ್ಕೆಲ್ಲ ವಿನಯದಿಂದ ಉತ್ತರ ಕೊಟ್ಟ. ಅಕ್ಕ ಚಹಾಕ್ಕೆ ನೀರಿಟ್ಟವಳು ಪಾತ್ರೆ ನೋಡಿ, "ಹಾಲು ಸಾಲಲ್ಲ ಕಣೋ. ಕೆಳಗೆ ಹೋಗಿ ಒಂದು ಪ್ಯಾಕೆಟ್ ತಗೊಂಡು ಬಾ" ಎಂದಳು.

"ಕಪ್ಪು ಚಹಾನೇ ಸಾಕಮ್ಮ" ಎಂದಳು ದೊಡ್ಡಮ್ಮ.

"ಹೋಗಿ ಬರ್ಲಿ."

ಅವನು ಹೋದ. ಅಕ್ಕ ಒಲೆ ಆರಿಸಿದಳು. ತೆರೆದ ಬಾಗಿಲಿನಿಂದ ಮೆಟ್ಟಿಲಿನ ಸದ್ದು ಕೇಳಿಸುತ್ತಿತ್ತು. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಇಬ್ಬರು ಹೆಂಗಸರೂ ಮೂರು ಮಹಡಿಯ ಸದ್ದನ್ನೂ ಕೊನೆಯವರೆಗೆ ಕೇಳಿದರು.

"ಹಾಲು ಇದೆ" ಎಂದಳು ಅಕ್ಕ. "ನಿಮಗೆ ಕೇಳಿಸ್ಲಿ ಅಂತ ಕಳಿಸ್ದೆ."

"ನಾನು ಮೊನ್ನೇನೇ ನೋಡ್ದೆ."

"ಬರ್ದಿದೀರಾ?"

ದೊಡ್ಡಮ್ಮನಿಗೆ ಈ ಪ್ರಶ್ನೆಯ ಮುಂದಿನ ಮಾತು ಬಾಯಿಪಾಠವಾಗಿತ್ತು. ಎಷ್ಟೋ ತಾಯಂದಿರು, ಚಿಕ್ಕಪ್ಪಂದಿರು ಕೈಹಿಡಿದು ಹೇಳಿದ್ದರು: ಬರೀಬೇಡಿ, ಹುಡುಗನ ಬಾಳು ನಿಮ್ಮ ಕೈಲಿದೆ. "ಇನ್ನೂ ಇಲ್ಲ" ಎಂದು ಆಕೆ ಆ ಮಾತಿಗಾಗಿ ಕಾದಳು.

"ಬರೀರಿ" ಎಂದಳು ಅಕ್ಕ. "ನಾನು ಹೇಳಿ ಹೇಳಿ ಸೋತೆ. ಡ್ರಾಫ್ಟ್ ಮುಗೀಲಿ ಅಂತಾನೆ. ಆಮೇಲೆ ಮೊದಲನೇ ಪಂದ್ಯ ಮುಗೀಲಿ ಅಂತಾನೆ, ಆಮೇಲೆ ಋತು ಮುಗೀಲಿ ಅಂತಾನೆ. ಬೆಳಿಗ್ಗೆ ಹಾಸಿಗೆಯಿಂದ ಏಳೋವಾಗ ಬಾಯಿಗೆ ಟವೆಲ್ ಇಟ್ಕೋತಾನೆ, ನನಗೆ ಕೇಳಿಸ್ಬಾರ್ದು ಅಂತ. ಬೇರೆ ಯಾರ ಮಾತೂ ಅವನ ತಲೆಗೆ ಹೋಗಲ್ಲ. ನೀವು ಬರೆದ್ರೆ ಹೋಗುತ್ತೆ."

"ಬರೆದ್ರೆ ಈ ವರ್ಷ ಯಾರೂ ತಗೊಳ್ದೇ ಹೋಗಬಹುದು."

"ಗೊತ್ತು." ಅವಳು ಲೋಟಗಳನ್ನು ಸಾಲಾಗಿಟ್ಟಳು. "ನಾನು ಹೇಳ್ದೆ ಅಂತ ಮಾತ್ರ ಅವನಿಗೆ ತಿಳೀಬಾರ್ದು."

ಹಾಲು ಹಿಡಿದು ಬಂದ ಕೊಕ್ಕರೆಯ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ದೊಡ್ಡಮ್ಮ ಚಹಾ ಕುಡಿದು ಹೊರಟಾಗ ಬಾಗಿಲವರೆಗೆ ಬಂದ. ಆಕೆ ದನಿ ತಗ್ಗಿಸಿ, "ಬಲ ಮಂಡಿ ಎಷ್ಟು ದಿನದಿಂದ?" ಎಂದಳು.

ಅವನು ಒಳಗೆ ನೋಡಿದ, ಆಮೇಲೆ ನೆಲ ನೋಡಿದ. "ಇನ್ನು ಹದಿನೆಂಟೇ ದಿನ ಮೇಡಂ. ಒಂದ್ಸಲ ಹೆಸರು ಕರೆದ್ಬಿಡ್ಲಿ. ಆಮೇಲೆ ನೀವು ಹೇಳೋ ಡಾಕ್ಟರ್ ಹತ್ರ ಹೋಗ್ತೀನಿ."

"ಹೋಗಲ್ಲ ನೀನು. ನಾನೂ ಹೋಗ್ಲಿಲ್ಲ."

ಆಕೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಅವನು ಮೇಲೆ ನಿಂತು ಆಕೆಯ ಕಾಲುಗಳನ್ನೇ ನೋಡುತ್ತಿದ್ದನೆಂದು ಬೆನ್ನಿಗೇ ಗೊತ್ತಾಗುತ್ತಿತ್ತು.

ಶುಕ್ರವಾರ ಕ್ಲಬ್ಬಿನ ಕಚೇರಿಯಲ್ಲಿ ಸಭೆ. ಸಭೆಯೆಂದರೆ ಮ್ಯಾನೇಜರ್ ಮತ್ತು ದೊಡ್ಡಮ್ಮ, ಉದ್ದನೆಯ ಮೇಜಿನ ಒಂದೇ ಮೂಲೆಯಲ್ಲಿ. ಮ್ಯಾನೇಜರ್ ನಲವತ್ತರವನು, ಕೆಟ್ಟವನಲ್ಲ; ಹೋದ ಎರಡು ವರ್ಷ ತಂಡ ಕೊನೆಯ ಸಾಲಿನಲ್ಲಿ ನಿಂತದ್ದರಿಂದ ಅವನಿಗೂ ನಿದ್ದೆ ಸರಿಯಿರಲಿಲ್ಲ. ಆಕೆಯ ವರದಿಯನ್ನು ಎರಡು ಸಲ ಓದಿದ.

"ಇದು ಬೇರೆ ಯಾರಿಗಾದ್ರೂ ಗೊತ್ತಾ ದೊಡ್ಡಮ್ಮ?"

"ನನಗೆ ತಿಳಿದ ಮಟ್ಟಿಗೆ ಇಲ್ಲ."

ಅವನ ಮುಖ ವಾರದಲ್ಲಿ ಮೊದಲ ಸಲ ಸಡಿಲವಾಯಿತು. "ನಮಗಿಂತ ಮುಂದಿನ ನಾಲ್ಕನೇ ಸರದಿಯವ್ರು ಇವನ ಮೇಲೇ ಕಣ್ಣಿಟ್ಟಿದಾರೆ. ತಗೊಳ್ಲಿ. ಗಡಿಯಾರ ನಮಗೆ ಉಳೀತಾನೆ. ಈ ಕಾಗದ ಇಲ್ಲೇ ಇರ್ಲಿ."

"ಸ್ಕ್ಯಾನ್ ಕೇಳೋಣ" ಎಂದಳು ದೊಡ್ಡಮ್ಮ.

ಅದು ಹನ್ನೆರಡೂ ಕ್ಲಬ್ಬುಗಳ ಒಕ್ಕೂಟವಾದ ಲೀಗಿನ ನಿಯಮ. ಯಾವುದಾದರೂ ಕ್ಲಬ್ಬಿನ ಸ್ಕೌಟ್ ಸಹಿ ಮಾಡಿ ಕೇಳಿದರೆ ಲೀಗಿನ ವೈದ್ಯರು ಆಟಗಾರನ ಸ್ಕ್ಯಾನ್ ಮಾಡಿಸುತ್ತಾರೆ, ವರದಿ ಹನ್ನೆರಡು ಕ್ಲಬ್ಬುಗಳಿಗೂ ಹೋಗುತ್ತದೆ. ತಾನು ಕಂಡದ್ದನ್ನು ಎದುರಾಳಿಗೆ ಯಾಕೆ ತೋರಿಸಬೇಕು ಎಂದುಕೊಂಡು ಸಾಮಾನ್ಯವಾಗಿ ಯಾರೂ ಸ್ಕ್ಯಾನ್ ಕೇಳುತ್ತಿರಲಿಲ್ಲ.

"ಕೇಳಿದ್ರೆ ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ. ನಾಲ್ಕನೇ ಸರದಿಯವ್ರು ತಗೊಂಡ್ರೆ ಮೊದಲನೇ ದಿನದಿಂದ ಅವನನ್ನ ಆಡಿಸ್ತಾರೆ. ಒಂದು ವರ್ಷದಲ್ಲಿ ಮುಗ್ದು ಹೋಗ್ತಾನೆ."

"ನಾವು ಅವನ ಕಾಲು ಮುರೀತಿಲ್ಲ ದೊಡ್ಡಮ್ಮ. ಸುಮ್ಮನೆ ಇದೀವಿ ಅಷ್ಟೆ."

ಆಕೆ ಕಾಗದ ಅಲ್ಲೇ ಬಿಟ್ಟು ಎದ್ದಳು. ವಾದಕ್ಕೆ ಬೇಕಾದ ಉಸಿರೇ ಇರಲಿಲ್ಲ. ತನ್ನ ಮೇಜಿಗೆ ಬಂದು ಕೂತಳು. ಕಿಟಕಿಯ ಆಚೆ ಯಾರೋ ಕಾರು ತೊಳೆಯುತ್ತಿದ್ದರು. ನೀರು ಹರಿದುಹೋಗುವುದನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಸ್ಕ್ಯಾನಿನ ಅರ್ಜಿ ತೆಗೆದು, ಆಟಗಾರನ ಹೆಸರು, ಬಲ ಮಂಡಿ, ತನ್ನ ಹೆಸರು ಬರೆದು, ಸಹಿ ಹಾಕಿ ಲೀಗಿಗೆ ಕಳಿಸಿದಳು. ಧೈರ್ಯವೇನೂ ಬೇಕಾಗಲಿಲ್ಲ. ಬಹಳ ದಿನದಿಂದ ಹೊತ್ತು ತಿರುಗಿದ್ದ ಪೆಟ್ಟಿಗೆಯನ್ನು ನೆಲಕ್ಕಿಟ್ಟ ಹಾಗಾಯಿತು, ಅಷ್ಟೇ. ಕಳಿಸಿದ ಮೇಲೆ ಎದ್ದು ಹೋಗಿ ಮ್ಯಾನೇಜರ್‌ಗೆ ತಾನೇ ಹೇಳಿದಳು.

ಅವನು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇಪ್ಪತ್ತೆರಡು ವರ್ಷ ಇದ್ದು ಹೀಗ್ ಮಾಡಿದ್ರಲ್ಲ" ಎಂದ. ಆಮೇಲೆ ಕನ್ನಡಕ ಹಾಕಿಕೊಂಡು, "ಈ ಡ್ರಾಫ್ಟ್ ಮುಗಿಸ್ಕೊಳ್ಳಿ. ಮುಂದಿನ ವರ್ಷಕ್ಕೆ ಬೇರೆಯವರನ್ನ ನೋಡ್ಕೋತೀನಿ" ಎಂದ.

"ಆಗ್ಲಿ" ಎಂದಳು.

ಸ್ಕ್ಯಾನಿನಲ್ಲಿ ಮಂಡಿಯ ಒಳಗಿನ ಮೆತ್ತೆ ಎರಡು ಕಡೆ ಹರಿದಿರುವುದು ಕಂಡಿತು. ಶಸ್ತ್ರಚಿಕಿತ್ಸೆ, ಒಂಬತ್ತು ತಿಂಗಳ ವಿಶ್ರಾಂತಿ. ಇನ್ನೊಂದು ಋತು ಹೀಗೆಯೇ ಆಡಿದ್ದರೆ ಹೊಲಿಯಲು ಏನೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಬರೆದಿದ್ದರು.

ಡ್ರಾಫ್ಟಿನ ದಿನ ನಾಲ್ಕನೆಯ ಸರದಿಯ ಕ್ಲಬ್ಬು ಗಡಿಯಾರವನ್ನು ಕರೆಯಿತು. ಐದನೆಯದಾಗಿ ಮ್ಯಾನೇಜರ್ ಒಲ್ಲದ ಮನಸ್ಸಿನಿಂದ ಮದುಮಗನ ಹೆಸರು ಹೇಳಿದ. ಮದುಮಗ ತಲೆಗೂದಲು ನೇವರಿಸಿಕೊಂಡು ವೇದಿಕೆ ಹತ್ತಿದ. ಎರಡು ಸುತ್ತು ಮುಗಿದವು, ಇಪ್ಪತ್ತನಾಲ್ಕು ಹೆಸರು ಕೂಗಿದರು. ಕೊಕ್ಕರೆಯ ಹೆಸರು ಬರಲಿಲ್ಲ. ಹೊಸ ಅಂಗಿ ಹಾಕಿಕೊಂಡು ಅವನು ಹಿಂದಿನ ಸಾಲಿನಲ್ಲಿ ಕೂತಿದ್ದ. ಕೊನೆಯ ಹೆಸರಿನ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದ. ಹೊರಗೆ ಹೋಗುವಾಗ ದೊಡ್ಡಮ್ಮನ ಪಕ್ಕದಲ್ಲೇ ಹಾದ. ಅರ್ಜಿಯ ಮೇಲಿನ ಸಹಿ ಯಾರದೆಂದು ಅವನಿಗೆ ತಿಳಿದಿತ್ತು. ತಲೆಯೆತ್ತಲಿಲ್ಲ. ಆಕೆಯೂ ಕರೆಯಲಿಲ್ಲ. ಏನೆಂದು ಕರೆಯುವುದು?

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಆಕೆ ಬಟ್ಟೆ ಒಗೆಯುತ್ತಿದ್ದಾಗ ಫೋನ್ ಬಂತು. ಆ ಕಡೆ ಬಸ್ ನಿಲ್ದಾಣದ ಗದ್ದಲ.

"ಆಪರೇಷನ್ ಆಯ್ತು ಮೇಡಂ. ಚೆನ್ನಾಗಾಯ್ತಂತೆ" ಎಂದಳು ಅಕ್ಕ. "ಇನ್ನೊಂದು ವಿಷಯ. ಬರೀರಿ ಅಂತ ನಿಮಗೆ ಹೇಳಿದ್ದು ನಾನೇ ಅಂತ ಅವನಿಗೆ ಹೇಳ್ಬಿಟ್ಟೆ."

ದೊಡ್ಡಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಯಾಕಮ್ಮ? ಹೇಗೂ ನನ್ನ ಮೇಲೆ ಸಿಟ್ಟಾಗಿದ್ದ. ಹಾಗೇ ಇದ್ದಿದ್ರೆ ಏನಾಗ್ತಿತ್ತು?"

"ದಿನಾ ನಿಮ್ಮನ್ನ ಬೈತಿದ್ದ. ಕೇಳೋಕಾಗ್ಲಿಲ್ಲ. ನೀವು ದೂರದವರು ಮೇಡಂ, ನಿಮ್ಮ ಮೇಲಿನ ಸಿಟ್ಟು ಹಾಗೇ ಉಳ್ಕೊಂಡ್ಬಿಡುತ್ತೆ. ನನ್ನ ಮೇಲಾದ್ರೆ ಒಂದಿನ ಇಳೀಲೇಬೇಕು. ಒಂದೇ ಮನೇಲಿ ಇರ್ಬೇಕಲ್ಲ."

"ಏನಂದ?"

"ಏನೂ ಅನ್ಲಿಲ್ಲ. ಊರುಗೋಲು ತಗೊಂಡು ಸ್ನೇಹಿತನ ಮನೆಗೆ ಹೋದ. ಹನ್ನೊಂದು ದಿನ ಅಲ್ಲೇ ಇದ್ದ. ನಿನ್ನೆ ಬಂದ. ಮಾತಾಡ್ತಿಲ್ಲ. ಊಟ ಮಾಡ್ತಾನೆ."

"ಊಟ ಮಾಡ್ತಾನಲ್ಲ."

"ಹೂಂ. ಎರಡನೇ ಸಲಾನೂ ಹಾಕಿಸ್ಕೊಂಡ." ಯಾರೋ ಸೀಟಿ ಊದಿದರು. "ಬಸ್ ತೆಗೀಬೇಕು ಮೇಡಂ, ಇಡ್ತೀನಿ."

ಒಳಗಿನಿಂದ ಗಂಡ, "ಯಾರದು?" ಎಂದು ಕೇಳಿದ.

"ಕೆಲಸದ್ದು."

"ಕೆಲಸ ಬಿಟ್ಟಾಯ್ತಲ್ಲ."

"ಬಿಟ್ಟಾಯ್ತು" ಎಂದು ದೊಡ್ಡಮ್ಮ ಬಕೆಟ್ಟಿನಿಂದ ಅವನ ಅಂಗಿಯನ್ನು ಎತ್ತಿ, ಇನ್ನೊಂದು ತುದಿ ಹಿಡಿದು ಹಿಂಡಲು ಬಾ ಎಂದು ಅವನನ್ನು ಕರೆದಳು.