ಹಾಡು ಎಗರದ ಹಾಗೆ

ಸಾಣೆಕಲ್ಲಿನ ಮೇಲೆ ನೀರು ಸಣ್ಣಗೆ ಬೀಳುತ್ತಿದೆ, ಕನ್ನಡಕದ ಗಾಜಿನ ಅಂಚು ಕಲ್ಲಿಗೆ ತಾಗಿದಾಗ ಬರುವ ಸದ್ದು ಇವತ್ತು ಯಾಕೋ ಹಲ್ಲಿನವರೆಗೂ ಬರುತ್ತಿದೆ, ಬೇರೆ ದಿನ ಅವಳಿಗೆ ಅದು ಕೇಳಿಸುವುದೇ ಇಲ್ಲ, ಇಷ್ಟು ವರ್ಷ ಕೇಳಿ ಕೇಳಿ ಕಿವಿ ಅದನ್ನು ಸದ್ದೆಂದೇ ಎಣಿಸುವುದಿಲ್ಲ — ಎಡಗಾಜು ಮುಗಿಯಿತು, ಈಗ ಬಲಗಾಜು, ಒಂಚೂರು ಜಾಸ್ತಿ ತಿಂದುಹೋದರೆ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ, ನಿಧಾನ, ನಿಧಾನ, ಆದರೆ ಈ ಮಗು ಇಷ್ಟು ಹೊತ್ತಿಗೆ ಒಂದು ಸಲವಾದರೂ ಒದೆಯಬೇಡವೇ, ದಿನಾ ಯಂತ್ರ ಶುರುವಾದ ಕೂಡಲೇ ಪಕ್ಕೆಗೆ ಒಂದು ಕೊಡುತ್ತಿತ್ತು, ಹುಟ್ಟುವ ಮೊದಲೇ ಅಮ್ಮನ ಕೆಲಸದ ಮೇಲೆ ಸಿಟ್ಟು ನೋಡಿ ಎಂದು ಅವಳು ಅಂಗಡಿಯ ಯಜಮಾನರಿಗೆ ಹೇಳಿ ನಗಿಸುತ್ತಿದ್ದಳು, ಇವತ್ತು ಬೆಳಗ್ಗೆಯಿಂದ ಒಂದೂ ಇಲ್ಲ. ಮಲಗಿರಬೇಕು. ಮಕ್ಕಳು ಮಲಗುವುದಿಲ್ಲವೇ, ಏಳು ತಿಂಗಳ ಮಗುವಿಗೆ ಒಳಗೆ ಇನ್ನೇನು ಉದ್ಯೋಗ, ಎದ್ದು ಅದು ಹೋಗಬೇಕಾದದ್ದಾದರೂ ಎಲ್ಲಿಗೆ. ಹೊಟ್ಟೆಯ ಮೇಲೆ ಒದ್ದೆ ಬೆರಳು ಇಟ್ಟಳು, ಬಟ್ಟೆಗೆ ಬಿಳಿಯ ಗಾಜಿನ ಪುಡಿ ಅಂಟಿತು, ಕೆಳಗೆ ಏನೂ ಅಲುಗಲಿಲ್ಲ. ಗಾಜನ್ನು ಒರೆಸಿ ಬೆಳಕಿಗೆ ಹಿಡಿದಳು.

ನಿನ್ನೆ ಸಂಜೆಯದು ನೆನಪಾಗಬಾರದು ಎಂದುಕೊಂಡಷ್ಟೂ ಅದೇ ಮುಂದೆ ಬಂದು ಕೂರುತ್ತದೆ, ಗಂಡ ಕುರ್ಚಿ ಹತ್ತಿ ಬೀರುವಿನ ಮೇಲಿನಿಂದ ಆ ಹಳೆಯ ಸಿಡಿ ಪ್ಲೇಯರ್ ಇಳಿಸಿದ್ದು, ಅಂಗೈಯಗಲದ ದುಂಡನೆಯ ಡಬ್ಬಿ, ಅಂಚಿನಲ್ಲಿ ಬಣ್ಣ ಕಿತ್ತುಹೋಗಿ, ಮುಚ್ಚಳದ ಕೊಂಡಿ ಸಡಿಲವಾಗಿ, ಸೊಂಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ಅಷ್ಟಾದರೂ ಹೊಸ ಬ್ಯಾಟರಿ ಹಾಕಿದ ಕೂಡಲೇ ಎದ್ದು ಕೂತಿತು, ಅಯ್ಯೋ ಈ ತಿರುಗೋ ಡಬ್ಬಿ ಇನ್ನೂ ಇದೆಯಾ, ಗುಜರಿಗೆ ಹಾಕಿದ್ರಿ ಅಂದ್ಕೊಂಡಿದ್ದೆ ಎಂದು ಅತ್ತೆ ಬಾಗಿಲಿಗೆ ಬಂದು ನಿಂತರು. ನಮ್ಮ ಹಾಡು ಮಗೂಗೂ ಗೊತ್ತಿರಲಿ ಅಮ್ಮ ಎಂದ ಗಂಡ, ಕಿವಿಗೆ ಸಿಕ್ಕಿಸುವ ಎರಡು ಗುಂಡಿಗಳನ್ನು ಅವಳ ಹೊಟ್ಟೆಯ ಎರಡು ಕಡೆ ಇಟ್ಟ, ಒಂದು ಕಿವಿಗೆ ಬಿತ್ತು ಅಂತಾನೇ ಇಟ್ಕೊ, ಇನ್ನೊಂದು ಅಂಗಾಲಿಗೆ ಬಿದ್ದಿರುತ್ತೆ ಎಂದರು ಅತ್ತೆ, ಎಲ್ಲರೂ ನಕ್ಕರು, ನಕ್ಕಿದ್ದೇ ತಪ್ಪಾಯಿತೋ ಏನೋ. ಒಳಗೆ ಸಿಡಿ ತಿರುಗಿತು, ಮುಚ್ಚಳದ ಮೇಲೆ ಹಾಡಿನ ಅಂಕಿ ತೋರಿಸುವ ಪುಟ್ಟ ಕಿಟಕಿ ಖಾಲಿ, ಹುಡುಕುತ್ತಿದೆ, ಹುಡುಕುತ್ತಿದೆ, ಆಮೇಲೆ ಅಂಕಿ ಮೂಡಿತು, ಹಾಡು ಅವಳಿಗೆ ಕೇಳಿಸಲಿಲ್ಲ, ಚರ್ಮಕ್ಕೆ ತಾಗಿತು ಅಷ್ಟೇ, ಮಗು ಒಂದು ಸಲ ಉದ್ದಕ್ಕೆ ಹೊರಳಿತು — ಅದೇ ಕೊನೆಯದು — ಅವಳು ದಿಂಬು ಸರಿಮಾಡಿಕೊಳ್ಳಲು ಹೋದಳು, ಮಂಚ ಅಲುಗಿತು, ಹಾಡು ಎಗರಿತು, ಎಗರಿ ನಿಂತೇಬಿಟ್ಟಿತು, ಕಿಟಕಿ ಮತ್ತೆ ಖಾಲಿ. ವಯಸ್ಸಾಯ್ತು ಪಾಪ ಎಂದು ಗಂಡ ಮುಚ್ಚಳ ಹಾಕಿದ. ಡಬ್ಬಿ ನಿಂತದ್ದಕ್ಕೂ ಮಗು ಸುಮ್ಮನಾದದ್ದಕ್ಕೂ ಯಾವ ಸಂಬಂಧವೂ ಇಲ್ಲ, ಇಲ್ಲ ಎಂಬುದು ಅವಳಿಗೂ ಗೊತ್ತು, ಗೊತ್ತಿದ್ದರೂ ಮತ್ತೊಮ್ಮೆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡುತ್ತಾಳೆ.

ಇದೇ ಕೌಂಟರಿನ ಆಚೆ ನಿಂತಿದ್ದ ಅವನು ಮೊದಲ ಸಲ, ಅಂಚೆಯ ಚೀಲ ಹೆಗಲಲ್ಲಿ, ಚಪ್ಪಲಿಯ ತುಂಬ ಧೂಳು, ಬಲಗೈ ಎದೆಯ ಮಟ್ಟಕ್ಕೆ ಎತ್ತಿ ಅಂಗೈ ಚಪ್ಪಟೆಯಾಗಿ ಹಿಡಿದು, ಅದರ ಮೇಲೆ ಈ ಡಬ್ಬಿ, ಇದರ ಕಣ್ಣು ಒರೆಸಿಕೊಡ್ತೀರಾ. ಇದು ಮನುಷ್ಯರ ಕಣ್ಣಿನ ಅಂಗಡಿ ಸ್ವಾಮಿ ಎಂದರು ಯಜಮಾನರು. ಗಾಜು ಗಾಜೇ ಅಲ್ವಾ ಸಾರ್, ಧೂಳು ಕೂತಿದೆ, ಓದೋಕೆ ಆಗ್ತಿಲ್ಲ ಪಾಪ ಇದಕ್ಕೆ. ಅವಳು ಮುಚ್ಚಳ ತೆಗೆದು ನೋಡಿದಳು, ಸಾಸಿವೆಗಿಂತ ಒಂದಿಷ್ಟು ದೊಡ್ಡ ಗಾಜಿನ ಕಣ್ಣು, ಇಷ್ಟು ಸಣ್ಣ ಗಾಜನ್ನು ಅವಳು ಅದುವರೆಗೆ ಮುಟ್ಟಿರಲಿಲ್ಲ, ಮೆತ್ತನೆಯ ಬಟ್ಟೆಯ ತುದಿಗೆ ಸ್ಪಿರಿಟ್ ತಾಗಿಸಿ ಉಸಿರು ಹಿಡಿದು ಒರೆಸಿದಳು, ಸಿಡಿ ಹಾಕಿ ಅವನು ಒಂದು ಗುಂಡಿಯನ್ನು ತನ್ನ ಕಿವಿಗೂ ಇನ್ನೊಂದನ್ನು ಅವಳ ಕಡೆಗೂ ಚಾಚಿದ, ಸರಿಯಾಯ್ತಾ ನೀವೇ ಹೇಳಿ. ಆಮೇಲೆ ವಾರ ವಾರವೂ ಅದಕ್ಕೆ ಧೂಳು ಎಲ್ಲಿಂದ ಬರುತ್ತಿತ್ತೋ ಬರುತ್ತಿತ್ತು, ತೊಂದರೆ ಡಬ್ಬಿಯ ಕಣ್ಣಿಗಲ್ಲಮ್ಮ, ಹೊತ್ಕೊಂಡು ಬರೋನ ಕಣ್ಣಿಗೆ, ಒಂದು ಸಲ ಪರೀಕ್ಷೆ ಮಾಡಿ ಕಳಿಸು ಎಂದು ಯಜಮಾನರು ಅವನೆದುರಿಗೇ ಹೇಳಿದರು, ಅವನ ಕಿವಿ ಕೆಂಪಾಯಿತು, ಅಂಗೈ ಮಾತ್ರ ಅಲುಗಲಿಲ್ಲ. ಆ ಅಂಗೈಯನ್ನೇ ಅವಳು ಮೊದಲು ಮೆಚ್ಚಿಕೊಂಡದ್ದು, ಮುಖ ಆಮೇಲೆ.

ಆ ಡಬ್ಬಿಗೆ ಕುಲುಕಾಟ ಆಗಿಬರುವುದಿಲ್ಲ, ಜೇಬಿನಲ್ಲಿ ಇಟ್ಟರೆ ಎಗರುತ್ತದೆ, ಚೀಲದಲ್ಲಿ ಇಟ್ಟರೆ ಎಗರುತ್ತದೆ, ಮೆಟ್ಟಿಲು ಇಳಿದರಂತೂ ಒಂದು ಹಾಡಿನ ತಲೆ ಇನ್ನೊಂದರ ಬಾಲಕ್ಕೆ ಹೋಗಿ ಬೀಳುತ್ತದೆ, ದಿನವಿಡೀ ಬೀದಿ ಸುತ್ತುವ ಮನುಷ್ಯ ಇಂಥದ್ದನ್ನು ಯಾಕೆ ಕೊಂಡನೋ, ಕೊಂಡ ಮೇಲೆ ಬಿಡುವುದುಂಟೇ, ಅಂಗೈ ಮೇಲೆ ಇಟ್ಟುಕೊಂಡು ಮಂಡಿ ಒಂದಿಷ್ಟು ಬಗ್ಗಿಸಿ ಹಿಮ್ಮಡಿಯಿಂದ ಬೆರಳಿನವರೆಗೆ ಪಾದವನ್ನು ಹಾಸುತ್ತ ಹಾಸುತ್ತ ನಡೆಯುವುದನ್ನು ಕಲಿತುಕೊಂಡ, ಏನಯ್ಯಾ, ತುಂಬಿದ ಲೋಟ ಯಾರಿಗೆ ತಗೊಂಡು ಹೋಗ್ತಿದೀಯಾ ಎಂದು ಅಂಚೆ ಕಚೇರಿಯವರು ರೇಗಿಸುವುದು, ನಾಯಿಗಳು ಕೂಡ ಇವನನ್ನು ಕಂಡರೆ ಬೊಗಳುವುದನ್ನು ಬಿಟ್ಟಿದ್ದವಂತೆ, ಓಡದವನನ್ನು ಅಟ್ಟಿಸಿಕೊಂಡು ಹೋಗಿ ಅವಕ್ಕೆ ಏನು ಸುಖ. ಅವಳಿಗೂ ಕಲಿಸಿದ, ಒಂದೇ ತಂತಿಗೆ ಕಟ್ಟಿಹಾಕಿಕೊಂಡವರ ಹಾಗೆ ಇಬ್ಬರ ಕಿವಿಗೂ ಒಂದೊಂದು ಗುಂಡಿ, ಕಾಲುವೆಯ ಪಕ್ಕದ ದಾರಿ, ನಿನ್ನ ಎಡಗಾಲು ನನ್ನ ಎಡಗಾಲು ಒಟ್ಟಿಗೆ ಬರ್ಲಿ, ಹಾರಬೇಡ, ಹಾಸು, ಹಾಸು, ಹಾಡು ಆ ತುದಿಯಿಂದ ಈ ತುದಿಯವರೆಗೆ ಒಂದು ಸಲವೂ ಎಗರದೆ ಬಂದ ದಿನ ಅವನು ನಿಂತು, ನಾವು ಮದುವೆ ಆಗ್ಬಹುದು ಅನ್ಸುತ್ತೆ ಎಂದ, ಎಂಥ ಮನುಷ್ಯ, ಅವಳಿಗೆ ನಗು ತಡೆಯಲಾಗಲಿಲ್ಲ, ನಕ್ಕು ಕುಲುಕಿ ಮುಂದಿನ ಹಾಡು ಎಗರಿಹೋಯಿತು.

ಮೊದಲನೆಯ ಬಸಿರು ಹೋದಾಗ ಬಸ್ಸು ಬ್ರೇಕ್ ಹಾಕಿತ್ತು, ಎರಡನೆಯದು ಹೋದಾಗ ಅವಳು ಮೆಟ್ಟಿಲ ಮೇಲೆ ಒಂದು ಹೆಜ್ಜೆ ತಪ್ಪಿ ಗೋಡೆ ಹಿಡಿದುಕೊಂಡಿದ್ದಳು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ನಿಮ್ಮಿಂದ ಆಗಿದ್ದಲ್ಲ ಎಂದು ಡಾಕ್ಟರಮ್ಮ ಎರಡು ಸಲವೂ ಕೈ ಹಿಡಿದು ಹೇಳಿದರು, ಹೌದು ಡಾಕ್ಟರ್ ಎಂದಳು, ಮನೆಗೆ ಬಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮೂರನೆಯದು ಹೊಟ್ಟೆಯಲ್ಲಿ ನಿಂತಿದೆ ಎಂದು ತಿಳಿದ ದಿನವೇ ಯಾರಿಗೂ ಹೇಳದೆ ಆ ನಡಿಗೆಗೆ ಮರಳಿದಳು, ಅಂಗೈ ಮೇಲೆ ಡಬ್ಬಿ ಇದೆ ಎಂದುಕೊಂಡು, ಮಂಡಿ ಬಗ್ಗಿಸಿ, ಪಾದ ಹಾಸಿ, ಬಸ್ಸು ಇಲ್ಲ, ಅಟ್ಟದ ಮೆಟ್ಟಿಲು ಇಲ್ಲ, ಸೀನು ಬಂದರೆ ಮೂಗು ಹಿಡಿದುಕೊಳ್ಳುವುದು, ಮಗ್ಗುಲು ಬದಲಿಸುವುದಿದ್ದರೆ ಮೊದಲು ಮನಸ್ಸಿನಲ್ಲಿ ಬದಲಿಸಿ ಆಮೇಲೆ ಮೈಯಲ್ಲಿ. ನೀನು ಬಸುರಿ ಕಣೆ, ಗಾಜಿನ ಬೀರು ಅಲ್ಲ, ನಾಲ್ಕು ಹೆಜ್ಜೆ ಜೋರಾಗಿ ಹಾಕು ಎನ್ನುತ್ತಾರೆ ಅತ್ತೆ, ನಾನು ಇವನನ್ನ ಹೊತ್ಕೊಂಡು ನೀರಿನ ಬಿಂದಿಗೆ ಎತ್ತಿದ್ದೆ, ಇವನಿಗೇನಾಯ್ತು, ಹೇಳು. ಅತ್ತೆಗೆ ಏನೆಂದು ಹೇಳುವುದು, ಅವರ ಹಾಡು ಗಟ್ಟಿಮುಟ್ಟಿನದು, ಬಿಂದಿಗೆ ಹೊತ್ತರೂ ಎಗರಲಿಲ್ಲ, ನನ್ನದು ಹಾಗಲ್ಲ ಎಂದೇ. ಗಂಡನಿಗೆ ಮಾತ್ರ ಗೊತ್ತಾಗಿದೆ, ಅವನು ಕೇಳಿಲ್ಲ, ಸಂಜೆ ಜೊತೆಯಲ್ಲಿ ನಡೆಯುವಾಗ ತಾನೂ ಪಾದ ಹಾಸುತ್ತಾನೆ.

ಸಾರ್, ಒಂದು ಸ್ವಲ್ಪ ಹೊತ್ತು ಹೋಗಿಬರ್ಲಾ, ಇವತ್ತು ಅಲುಗ್ತಾ ಇಲ್ಲ — ಬಾಯಿಯಿಂದ ಬಂದೇಬಿಟ್ಟಿತು, ಇಷ್ಟು ಹೊತ್ತು ಹೇಳದೆ ಇದ್ದದ್ದೇ ಇದಕ್ಕೆ, ಹೇಳಿದರೆ ನಿಜವಾಗುತ್ತದೆ ಎಂದು, ಯಜಮಾನರು ಕೈಯಲ್ಲಿದ್ದ ಚೌಕಟ್ಟನ್ನು ಹಾಗೇ ಕೆಳಗಿಟ್ಟು, ಹೊರಡಮ್ಮ ಹೊರಡು, ಇದನ್ನ ಕೇಳ್ಬೇಕಾ, ಅವನಿಗೆ ನಾನು ಫೋನ್ ಮಾಡ್ತೀನಿ, ಆಟೋ ಕರೀಲಾ. ಬೇಡ ಸಾರ್, ಕುಲುಕುತ್ತೆ. ಬೀದಿ ತನ್ನ ಪಾಡಿಗೆ ತಾನಿದೆ, ಹಾರ್ಡ್‌ವೇರ್ ಅಂಗಡಿಯವನು ಕೊಳವೆಗಳನ್ನು ಎಣಿಸುತ್ತಿದ್ದಾನೆ, ಯಾರೋ ಕಿಟಕಿಯಿಂದ ಚಾಪೆ ಕೊಡವುತ್ತಿದ್ದಾರೆ, ಹೆಜ್ಜೆ ಹಾಸು, ಎಡಗಾಲು, ಬಲಗಾಲು, ಓಡಬೇಕು ಅನ್ನಿಸುತ್ತದೆ, ಓಡಬಾರದು, ಗಾಬರಿಯನ್ನೂ ಹಾಸಿಕೊಂಡೇ ಹೋಗಬೇಕು, ಎದುರಿಗೆ ಬಂದ ಹೆಂಗಸು ಅವಳನ್ನು ನೋಡಿ ದಾರಿ ಬಿಟ್ಟಳು, ಇವಳ ಬಲಗೈ ಯಾವಾಗ ಎದೆಯ ಮಟ್ಟಕ್ಕೆ ಬಂದಿತ್ತೋ, ಇಳಿಸಿದಳು, ಒದೆ ಮಗನೇ, ಮಗಳೇ, ಯಾರಾದರೂ ಸರಿ, ಒಂದು ಕೊಡು, ಎಷ್ಟು ಜೋರಾಗಿ ಬೇಕಾದರೂ ಕೊಡು. ಕ್ಲಿನಿಕ್ಕಿನ ಬಾಗಿಲಲ್ಲಿ ಗಂಡ ಆಗಲೇ ಬಂದು ನಿಂತಿದ್ದ, ಚೀಲದಲ್ಲಿ ಇನ್ನೂ ಅರ್ಧ ಟಪಾಲು, ಅಂಗಿ ಬೆನ್ನಿಗೆ ಅಂಟಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ ಓಡಿದ್ದಾನೆ.

ಮಂಚಕ್ಕೆ ಹಾಸಿದ ಕಾಗದ ಬೆನ್ನ ಕೆಳಗೆ ಸರಸರ ಎನ್ನುತ್ತದೆ, ಹೊಟ್ಟೆಗೆ ತಣ್ಣನೆಯ ಜೆಲ್ಲಿ, ಎದೆಬಡಿತ ಕೇಳುವ ಆ ಸಣ್ಣ ಯಂತ್ರವನ್ನು ಡಾಕ್ಟರಮ್ಮ ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ಯಂತ್ರಕ್ಕೂ ಒಂದು ಪುಟ್ಟ ಕಿಟಕಿ, ಅಂಕಿ ಬರಬೇಕಾದ ಕಿಟಕಿ, ಖಾಲಿ, ಒಳಗೆ ಗರಗರ ಸದ್ದು, ಹುಡುಕುತ್ತಿದೆ, ಹುಡುಕುತ್ತಿದೆ, ಇದಕ್ಕೂ ಕಣ್ಣಿಗೆ ಧೂಳು ಕೂತಿರಬಹುದೇ, ಒರೆಸಿ ಕೊಡಲೇ, ನನಗೆ ಬರುತ್ತದೆ, ನಾನು ಉಸಿರು ಹಿಡಿದು ಒರೆಸುತ್ತೇನೆ. ಮಗು ಬೆನ್ನು ಈ ಕಡೆ ಮಾಡ್ಕೊಂಡಿಲ್ಲ ಅನ್ಸುತ್ತೆ, ನೀವು ಎಡಕ್ಕೆ ತಿರುಗಿ, ಸ್ವಲ್ಪ ಹೊಟ್ಟೆ ಕುಲುಕಿ ಎಬ್ಬಿಸಿ ನೋಡೋಣ, ಸಿಗದಿದ್ರೆ ಸ್ಕ್ಯಾನ್ ಮಾಡೋಣ ಎಂದರು ಡಾಕ್ಟರಮ್ಮ. ಬೇಡ, ಎಂದಳು. ಬೇಡ ಡಾಕ್ಟರ್, ಅಲುಗಿಸ್ಬೇಡಿ, ದಯವಿಟ್ಟು. ಡಾಕ್ಟರಮ್ಮ ಕೈ ತೆಗೆದು ಅವಳ ಮುಖ ನೋಡಿದರು, ನೀವು ನಡೆದು ಬರೋದನ್ನ ಕಿಟಕಿಯಿಂದ ನೋಡಿದೆ, ತಿಂಗಳುಗಟ್ಟಲೆ ಹಾಗೆ ತೂಗಿಕೊಂಡು ಓಡಾಡಿದ್ರೆ ಅದು ಮಲಗದೆ ಇನ್ನೇನಮ್ಮ ಮಾಡುತ್ತೆ, ಅಲುಗಿಸಿದ್ರೆ ಏನೂ ಆಗಲ್ಲ, ನಾನಿದೀನಿ. ಏನೂ ಆಗಲ್ಲ — ಬಸ್ಸಿನಿಂದ ಆಗಲ್ಲ, ಮೆಟ್ಟಿಲಿನಿಂದ ಆಗಲ್ಲ, ಎರಡು ಸಲ ಇದನ್ನೇ ಹೇಳಿದ್ದರು, ಎರಡು ಸಲವೂ ಹೌದು ಎಂದು ಹೇಳಿ ನಂಬದೆ ಹೋಗಿದ್ದಳು, ಈ ಸಲ ನಂಬಬೇಕು, ನಂಬದಿದ್ದರೆ ಕಿಟಕಿ ಖಾಲಿಯೇ ಇರುತ್ತದೆ, ಅಲುಗಿಸಿದರೆ ಮಾತ್ರ ತಿಳಿಯುತ್ತದೆ, ತಿಳಿಯುವುದು ಏನೆಂದು ಯಾರು ಹೇಳಬೇಕು. ಅಲುಗಿಸಿ, ಎಂದಳು. ಎಡಕ್ಕೆ ತಿರುಗಿದಳು.

ಎರಡು ಕೈ ಹೊಟ್ಟೆಯ ಎರಡು ಕಡೆ, ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲ, ಏಳೋ ಸೋಮಾರಿ ಎನ್ನುತ್ತಿದ್ದಾರೆ ಡಾಕ್ಟರಮ್ಮ, ಮೈಯೆಲ್ಲ ಕುಲುಕುತ್ತಿದೆ, ಇಷ್ಟು ತಿಂಗಳು ಹಾಸಿ ಹಾಸಿ ಕಾಪಾಡಿದ್ದೆಲ್ಲ ಕುಲುಕುತ್ತಿದೆ, ಕಾಗದ ಹರಿಯುತ್ತಿದೆ, ಏನೂ ಇಲ್ಲ, ಏನೂ ಇಲ್ಲ, ಆಗ ಪಕ್ಕೆಯ ಕೆಳಗೆ ಒಂದು, ಹಿಮ್ಮಡಿಯೋ ಮೊಣಕೈಯೋ, ನಿದ್ದೆಗೆಡಿಸಿದವರ ಮೇಲಿನ ಸಿಟ್ಟೆಲ್ಲ ಸೇರಿಸಿ ಕೊಟ್ಟದ್ದು, ಅಮ್ಮಾ ಎಂದು ಕೂಗಿಬಿಟ್ಟಳು, ಯಂತ್ರ ಅಲ್ಲೇ ಹೋಗಿ ಕೂತಿತು, ಕಿಟಕಿಯಲ್ಲಿ ಅಂಕಿ ಮೂಡಿತು, ಸದ್ದು ಬಂತು, ಎಷ್ಟು ಅವಸರ ಅದಕ್ಕೆ, ಎಲ್ಲಿಗೋ ಹೊರಟುಬಿಟ್ಟ ಹಾಗೆ ಬಡಿಯುತ್ತಿದೆ, ಕೋಣೆಯ ತುಂಬ ಬಡಿಯುತ್ತಿದೆ, ಅವಳು ಅಳುತ್ತಿದ್ದಾಳೆ, ಅತ್ತರೆ ಹೊಟ್ಟೆ ಕುಲುಕುತ್ತದೆ, ಕುಲುಕಲಿ, ಕುಲುಕಿದರೂ ಎಗರುತ್ತಿಲ್ಲ, ನೋಡ್ರೀ, ಎಗರ್ತಾ ಇಲ್ಲ — ತಿರುಗಿ ನೋಡಿದಳು, ಗಂಡ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾನೆ, ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಿದ್ದಿದೆ, ಕೆನ್ನೆ ಒದ್ದೆ, ಉಸಿರು ಬಿಡುತ್ತಿಲ್ಲ, ಬಲಗೈ ಎದೆಯ ಮಟ್ಟಕ್ಕೆ ಎತ್ತಿದೆ, ಅಂಗೈ ಚಪ್ಪಟೆ, ಅದರ ಮೇಲೆ ಏನೂ ಇಲ್ಲ, ಅಂಗೈ, ಒಂಚೂರೂ ಅಲುಗದ ಅಂಗೈ.