ಓವನ್ನಿನ ಹಿಡಿಗೆ ನೇತುಹಾಕಿದ ಕೀ

ನಡೀನ್‌ಗೆ ಬೇಕಾಗಿದ್ದದ್ದು ಇನ್ನೊಂದೇ ಸಹಿ.

ಊರಿನ ಶಾಲೆಯನ್ನು ಪಕ್ಕದೂರಿನ ಶಾಲೆಯೊಡನೆ ಸೇರಿಸಿದಾಗ ಅವಳು ಓಡಿಸುತ್ತಿದ್ದ ಮಕ್ಕಳ ಬಸ್ಸು ನಿಂತುಹೋಗಿತ್ತು. ಐವತ್ತು ದಾಟಿದ ಮೇಲೆ ಅವಳು ಮನೆ ತಪಾಸಣೆಯ ಕೆಲಸ ಕಲಿಯಲು ಹೊರಟಳು. ಮನೆ ಕೊಳ್ಳುವವರ ಪರವಾಗಿ ಅಟ್ಟದಿಂದ ನೆಲಮಾಳಿಗೆಯವರೆಗೆ ಎಲ್ಲವನ್ನೂ ನೋಡಿ, ಕಂಡದ್ದನ್ನು ಕಂಡಂತೆ ಬರೆದುಕೊಡುವ ಕೆಲಸ. ಒಹಾಯೋದಲ್ಲಿ ಈಗ ಅದಕ್ಕೂ ಲೈಸೆನ್ಸು ಬೇಕು. ಪರೀಕ್ಷೆ ಬರೆದು ಪಾಸಾದರೆ ಮುಗಿಯುವುದಿಲ್ಲ. ಲೈಸೆನ್ಸು ಇರುವವರೊಬ್ಬರು ಮನೆಮನೆಗೂ ಜೊತೆಗೆ ಬಂದು, ಕೆಲಸವನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಮಾರ್ಚ್ ತಿಂಗಳೊಳಗೆ ಲೈಸೆನ್ಸು ತಂದರೆ ಕೆಲಸ ಕೊಡುವುದಾಗಿ ಜಿಲ್ಲಾ ಪಟ್ಟಣದ ಕಚೇರಿಯೊಂದು ಹೇಳಿತ್ತು.

ಸಹಿ ಹಾಕುತ್ತಿದ್ದವರು ವೆಂಡೆಲ್ ಸ್ಟ್ರೌಡ್. ಅವರಿಗೆ ಎಪ್ಪತ್ತಮೂರು. ಟಾರ್ಚು, ಏಣಿ ಇದ್ದವರೆಲ್ಲ ತಪಾಸಣೆಗಾರರಾಗುತ್ತಿದ್ದ ಕಾಲದಲ್ಲಿ, ಲೈಸೆನ್ಸಿನ ಕಾನೂನು ಬೇಕೆಂದು ರಾಜಧಾನಿಗೆ ಹೋಗಿ ಸಮಿತಿಯ ಮುಂದೆ ಮಾತಾಡಿದವರು. ಕಾನೂನು ಬೇಡವೆಂದು ಅದೇ ಸಮಿತಿಯ ಮುಂದೆ ವಾದಿಸಿದವನು ಕ್ಲೀಟಸ್ ವ್ಯಾನ್‌ಮೀಟರ್. ಇಬ್ಬರೂ ಒಂದೇ ಕಸುಬಿನವರು, ಒಂದೇ ಚರ್ಚಿನವರು. ಅಂದಿನಿಂದ ಅವರ ನಡುವೆ ಮಾತು ನಿಂತಿತ್ತು. ಕಾನೂನು ಬಂದ ಮೇಲೆ ಕ್ಲೀಟಸ್ ಕೂಡ ಲೈಸೆನ್ಸು ಮಾಡಿಸಿಕೊಂಡಿದ್ದ.

ಮೊದಲ ದಿನವೇ ವೆಂಡೆಲ್ ನಡೀನ್‌ಗೆ ಒಂದು ಪಾಠ ಹೇಳಿದ್ದರು. "ಓವನ್ ಕೆಲಸ ಮಾಡುತ್ತಾ ಅಂತ ನೋಡೋಕೆ ಹಚ್ಚಿಡ್ತೀವಿ. ಅಟ್ಟ ಹತ್ತೋ ಹೊತ್ತಿಗೆ ಅದನ್ನ ಮರೆತಿರ್ತೀವಿ. ಅದಕ್ಕೆ ಹಚ್ಚೋಕೆ ಮುಂಚೆ ನಿನ್ನ ಗಾಡಿ ಕೀನ ಅದರ ಹಿಡಿಗೆ ನೇತುಹಾಕು. ಕೀ ಇಲ್ದೆ ಮನೆಗೆ ಹೋಗೋಕಾಗಲ್ಲ, ಓವನ್ ಆರಿಸ್ದೆ ಕೀ ಮುಟ್ಟೋ ಹಾಗಿಲ್ಲ." ಅವರ ಕೀಗೆ ಕೆಂಪು ಹುರಿ ಕಟ್ಟಿತ್ತು.

ಕೊನೆಯ ಸಹಿಯ ಮನೆ ಓಪಲ್ ಪ್ರೂಯಿಟ್ ಎಂಬಾಕೆಯದು. ಮಗಳ ಮನೆಯ ಹತ್ತಿರ ಇರಬೇಕೆಂದು ಆಕೆ ಅದನ್ನು ಮಾರುತ್ತಿದ್ದರು. ಅಡುಗೆಮನೆಯಲ್ಲಿ ಪಿಂಗಾಣಿ ಬಟ್ಟಲುಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಾ ಇದ್ದರು. ವೆಂಡೆಲ್ ಓವನ್ ಹಚ್ಚಿ, ಕೀ ನೇತುಹಾಕಿ, "ನೆಲಮಾಳಿಗೆ ಆಯ್ತಾ?" ಎಂದು ನಡೀನ್‌ಳನ್ನು ಕೇಳಿದರು.

"ಆಯ್ತು. ನೀವೂ ಬಂದಿದ್ರಲ್ಲ."

"ಹೌದು, ಹೌದು. ಅಟ್ಟಕ್ಕೆ ಹೋಗು, ನಾನು ಬರ್ತೀನಿ."

ಅವರು ಬರಲಿಲ್ಲ. ಅಟ್ಟದಲ್ಲಿ ಅವಳೊಬ್ಬಳೇ ತೊಲೆಯಿಂದ ತೊಲೆಗೆ ಕಾಲಿಡುತ್ತಾ ಹೋದಳು. ಬಚ್ಚಲಮನೆಯ ಹಬೆಯನ್ನು ಹೊರಗೆ ಬಿಡಬೇಕಿದ್ದ ಕೊಳವೆ ಅಟ್ಟದೊಳಗೇ ಬಾಯಿ ತೆರೆದುಕೊಂಡಿತ್ತು. ಸುತ್ತಲಿನ ಹಲಗೆಗಳು ಬೂಷ್ಟು ಹಿಡಿದು ಕಪ್ಪಾಗಿದ್ದವು. ಫೋಟೋ ತೆಗೆದುಕೊಂಡು ಇಳಿದು ಬಂದಾಗ ವೆಂಡೆಲ್ ಹಜಾರದ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು.

"ನೆಲಮಾಳಿಗೆ ಆಯ್ತಾ?" ಎಂದರು.

"ಆಯ್ತು, ವೆಂಡೆಲ್," ಎಂದಳು. ದನಿಯಲ್ಲಿ ಏನೂ ತೋರದಂತೆ ನೋಡಿಕೊಂಡಳು.

ಹೊರಡುವಾಗ ವೆಂಡೆಲ್ ಕೋಟಿನ ಜೇಬು ತಡಕಿದರು. ಪ್ಯಾಂಟಿನ ಜೇಬು ತಡಕಿದರು. ಹೊರಗೆ ಹೋಗಿ ಟ್ರಕ್ಕಿನ ಬಾಗಿಲು ತೆರೆದು ಸೀಟಿನ ಕೆಳಗೆ ಕೈಯಾಡಿಸಿದರು. ಹಿಮದಲ್ಲಿ ತಮ್ಮದೇ ಹೆಜ್ಜೆಗುರುತಿನ ಮೇಲೆ ಬಾಗಿ ಹುಡುಕುತ್ತಾ ಮೆಟ್ಟಿಲವರೆಗೆ ಬಂದರು. ಕೀ ಎಲ್ಲಿದೆ ಎಂದು ನಡೀನ್‌ಗೆ ಗೊತ್ತಿತ್ತು. ಅವರಿಗೇ ನೆನಪಾಗಲಿ ಎಂದು ಕಾದಳು. ಕಾದಷ್ಟೂ ಅವರ ಮುಖದಲ್ಲಿ ಗಾಬರಿ ಹೆಚ್ಚಾಯಿತು.

"ಇದೇ ಜಾಗದಲ್ಲಿ ಇಟ್ಟಿದ್ದೆ," ಎಂದರು. ಯಾವ ಜಾಗ ಎಂದು ಹೇಳಲಿಲ್ಲ.

ಅಷ್ಟರಲ್ಲಿ ಓಪಲ್ ಬಾಗಿಲಿಗೆ ಬಂದರು. "ನೀವಿಬ್ಬರೂ ನನಗೋಸ್ಕರ ಏನಾದ್ರೂ ಬೇಯೋಕಿಟ್ಟಿದ್ರಾ? ಓವನ್ ಧಗಧಗ ಅಂತಿತ್ತು, ನಾನೇ ಆರಿಸಿದೆ." ಕೈಯಲ್ಲಿ ಕೆಂಪು ಹುರಿಯ ಕೀ ಇತ್ತು. "ತಗೊಳ್ಳಿ. ನನ್ನದೇ ತಪ್ಪು. ಒರೆಸೋ ಬಟ್ಟೇನ ಇದರ ಮೇಲೇ ಹಾಕಿಬಿಟ್ಟಿದ್ದೆ, ನಿಮಗೆ ಹೇಗೆ ಕಾಣಬೇಕು?"

ಒರೆಸುವ ಬಟ್ಟೆ ಬೆಳಗಿನಿಂದಲೂ ಆಕೆಯ ಹೆಗಲ ಮೇಲೆಯೇ ಇತ್ತು. ಈಗಲೂ ಅಲ್ಲೇ ಇತ್ತು. ವೆಂಡೆಲ್ ಅದನ್ನು ನೋಡಿದರು, ಆಕೆಯ ಮುಖವನ್ನು ನೋಡಿದರು, ಟೋಪಿ ತೆಗೆದು ವಂದಿಸಿದರು.

ಟ್ರಕ್ಕಿನಲ್ಲಿ ಕೂತ ಮೇಲೆ ಅವರು ಗಾಡಿ ಹೊರಡಿಸಲಿಲ್ಲ. "ಫಾರಂ ಕೊಡು, ಸಹಿ ಹಾಕ್ತೀನಿ," ಎಂದರು.

ನಡೀನ್ ಫಾರಂ ತೆಗೆದಳು. ಕೊಡಲಿಲ್ಲ. ಕಚೇರಿಯವರು ಹೇಳಿದ ಕೆಲಸ ನೆನಪಾಯಿತು. ಒಂದು ಗೀಟು ಎಳೆದರೆ ಮುಗಿಯಿತು. ಯಾರೂ ಕೇಳುವವರಿರಲಿಲ್ಲ.

"ಇವತ್ತಿಂದು ಬೇಡ, ವೆಂಡೆಲ್."

"ಯಾಕೆ? ಏನಾದ್ರೂ ಬಿಟ್ಟೆಯಾ?"

"ನಾನು ಬಿಡ್ಲಿಲ್ಲ. ಅಟ್ಟದಲ್ಲಿ ಬೂಷ್ಟಿದೆ, ಬರೀತೀನಿ. ಆದ್ರೆ ಕಣ್ಣಾರೆ ನೋಡಿದೀನಿ ಅಂತ ನೀವು ಸಹಿ ಹಾಕ್ಬೇಕು. ನೀವು ಅಟ್ಟಕ್ಕೆ ಬರ್ಲೇ ಇಲ್ಲ."

"ಬಂದಿದ್ದೆ," ಎಂದರು ವೆಂಡೆಲ್. ಆಮೇಲೆ, "ಬರ್ಲಿಲ್ವಾ?" ಎಂದರು.

"ಇಲ್ಲ."

ಗಾಜಿನ ಮೇಲೆ ಹಿಮ ಕೂರುತ್ತಿತ್ತು. ಅದನ್ನು ಒರೆಸುವ ಕಡ್ಡಿಯನ್ನು ಅವರು ಒಮ್ಮೆ ಆಡಿಸಿ ನಿಲ್ಲಿಸಿದರು.

"ಎಷ್ಟು ದಿನದಿಂದ ನೋಡ್ತಿದೀಯ?"

"ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಚೀಚೆಯಿಂದ. ಅದಕ್ಕೆ ಮುಂಚಿನ ಮನೆಗಳಲ್ಲಿ ನೀವು ನನ್ನ ಬೆನ್ನು ಬಿಟ್ಟಿರ್ಲಿಲ್ಲ. ಆಮೇಲೂ ಎಲ್ಲಾ ಕಡೆ ಬಂದ್ರಿ, ಕೇಳಿದ್ದನ್ನೇ ಕೇಳ್ತಿದ್ರಿ ಅಷ್ಟೆ. ಇವತ್ತೇ ಮೊದಲು ಹೀಗೆ."

ವೆಂಡೆಲ್ ತಲೆಯಾಡಿಸಿದರು. "ಅವತ್ತು ಸಮಿತಿ ಮುಂದೆ ನಾನು ಏನಂದೆ ಗೊತ್ತಾ? ಟಾರ್ಚಿನ ಹಿಂದೆ ಯಾರಿದ್ದಾರೆ ಅಂತ ಮನೆ ಕೊಳ್ಳೋನಿಗೆ ಕಾಣಲ್ಲ, ಅದನ್ನ ಸರ್ಕಾರ ನೋಡ್ಬೇಕು ಅಂದೆ. ಈ ತಿಂಗಳು ನನ್ನ ಲೈಸೆನ್ಸು ಮುಗಿಯುತ್ತೆ. ತರಗತಿಗೆ ಹೋದ್ಯಾ, ವಿಮೆ ಇದೆಯಾ ಅಂತ ಸರ್ಕಾರ ಕೇಳುತ್ತೆ. ಇದನ್ನ ಕೇಳಲ್ಲ." ಅವರು ಕೀ ತೆಗೆದು ಅವಳ ತೊಡೆಯ ಮೇಲಿಟ್ಟರು. "ನೀನೇ ಓಡಿಸು. ಬಸ್ಸು ಓಡಿಸ್ದೋಳು, ಇದೇನು ಮಹಾ."

ಜಾಗ ಬದಲಾಯಿಸಿ ಕೂತ ಮೇಲೆ ಅವರು ಫೋನು ತೆಗೆದರು. ನಂಬರು ಹುಡುಕಬೇಕಾಗಲಿಲ್ಲ, ಬಾಯಿಪಾಠವಿತ್ತು. ಆಚೆ ಕಡೆಯ ದನಿ ನಡೀನ್‌ಗೂ ಕೇಳಿಸುವಷ್ಟು ದೊಡ್ಡದು.

"ಯಾರು ಸತ್ರು?" ಎಂದ ಕ್ಲೀಟಸ್.

"ಯಾರೂ ಇಲ್ಲ. ಒಬ್ಬಾಕೆಗೆ ಒಂದು ಮನೆ ಬಾಕಿ ಇದೆ. ಜೊತೆಗೆ ನಿಂತು ಸಹಿ ಹಾಕ್ತೀಯಾ?"

"ನಿನ್ನ ಕೈ ಏನಾಯ್ತೋ?"

"ನಾನು ಈ ಸಲ ಲೈಸೆನ್ಸು ಮುಂದುವರಿಸ್ತಿಲ್ಲ, ಕ್ಲೀಟಸ್."

ಆಚೆ ಕಡೆ ಟಿ.ವಿ. ಸದ್ದು ನಿಂತಿತು. "ಕೂದಲು ಕತ್ತರಿಸೋನಿಗೂ ಲೈಸೆನ್ಸು, ನಾಯಿ ಸಾಕೋನಿಗೂ ಲೈಸೆನ್ಸು, ನಮಗೂ ಯಾಕಯ್ಯಾ ಅಂತ ಅವತ್ತು ಕೇಳಿದ್ದೆ. ಈಗ ಒಪ್ಕೊಂಡ್ಯಾ?"

"ಇಲ್ಲ. ಆಕೆಯನ್ನ ಕರ್ಕೊಂಡು ಹೋಗ್ತೀಯೋ ಇಲ್ವೋ?"

"ಗುರುವಾರ ಕಳಿಸು," ಎಂದ ಕ್ಲೀಟಸ್. ಆಮೇಲೆ, "ಭಾನುವಾರ ಚರ್ಚಿಗೆ ನಿನ್ನನ್ನ ನಾನು ಬಂದು ಕರ್ಕೊಂಡು ಹೋಗ್ತೀನಿ. ಎಂಟೂವರೆಗೆ ರೆಡಿ ಇರು," ಎಂದ. ಏನಾಗಿದೆ ಎಂದು ಅವನು ಕೇಳಲಿಲ್ಲ.

ಗುರುವಾರ ಕ್ಲೀಟಸ್ ನಡೀನ್‌ಳ ಹಿಂದೆಯೇ ಸುತ್ತಿದ. ಅಟ್ಟಕ್ಕೂ ಹತ್ತಿದ, ಮಂಡಿ ಹಿಡಿದುಕೊಂಡು ಬೈಯುತ್ತಾ ಇಳಿದ. ಕೊನೆಗೆ ಫಾರಮಿಗೆ ಸಹಿ ಹಾಕಿ ಕೊಟ್ಟು, "ನಿನ್ನ ಕಾರು ಸ್ವಲ್ಪ ಹಿಂದಕ್ಕೆ ತಗೊಳ್ಳಮ್ಮಾ, ನನ್ನದು ಒಳಗೆ ಸಿಕ್ಕಿಹಾಕ್ಕೊಂಡಿದೆ," ಎಂದ.

"ತಗೊಳ್ಳೋ ಹಾಗಿಲ್ಲ. ಓವನ್ ಇನ್ನೂ ಬಿಸಿ ಏರ್ತಾ ಇದೆ."

ಓವನ್ನಿನ ಹಿಡಿಗೆ ಕೆಂಪು ಹುರಿಯಲ್ಲಿ ಅವಳ ಕೀ ನೇತಾಡುತ್ತಿತ್ತು. ಕ್ಲೀಟಸ್ ಹುರಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಅವನದು ತಾನೆ ಇದು?"

"ಕೊಟ್ರು. ಟ್ರಕ್ಕನ್ನ ತಮ್ಮನ ಮಗನಿಗೆ ಕೊಟ್ಬಿಟ್ರು, ಹುರಿ ನನಗೆ ಅಂದ್ರು."

ಕ್ಲೀಟಸ್ ಒಂದು ಕುರ್ಚಿ ಎಳೆದುಕೊಂಡು ಓವನ್ನಿನ ಮುಂದೆ ಕೂತ. ಇನ್ನೊಂದು ಕುರ್ಚಿಯನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ.

"ಸರಿ, ಆಗ್ಲಿ," ಎಂದ. "ಕಾಯೋಣ."